ಉಪ್ಪಿನಾಗರದಲ್ಲಿ ಮಲಗಿದ್ದ ದೇವರು

ಕಡಲು ಈಗಿನಷ್ಟು ಮುದಿಯಾಗಿರದೆ ಇದ್ದ ಒಂದಾನೊಂದು ಕಾಲದಲ್ಲಿ ಆಗರಬೈಲು ಅಂತ ಒಂದು ಊರು ಇತ್ತಂತೆ. ಯಾವ ಇಸವಿ ಅಂತ ಕೇಳಬೇಡ ಮಗಾ, ಕೇಳಿದರೆ ಸುಳ್ಳು ಹೇಳಬೇಕಾಗತ್ತೆ. ಆ ಊರಿನ ಗದ್ದೆಯಲ್ಲಿ ಭತ್ತ ಬೆಳೀತಿರಲಿಲ್ಲ, ಉಪ್ಪು ಬೆಳೀತಿತ್ತಂತೆ. ಉಬ್ಬರ ಬಂದಾಗ ತೂಬಿನ ಬಾಗಿಲು ಎತ್ತಿ ಸಮುದ್ರದ ನೀರನ್ನ ಗದ್ದೆಗೆ ಬಿಟ್ಟುಕೊಳ್ಳೋದು, ಬಾಗಿಲು ಇಳಿಸೋದು, ನೀರು ಬಿಸಿಲಿಗೆ ಆರಿದ ಮೇಲೆ ಹಲಗೆಯಲ್ಲಿ ಉಪ್ಪು ಎಳೆದು ಗುಡ್ಡೆ ಹಾಕೋದು. ಕೆಲಸ ಇಷ್ಟೇ. ಉಳಿದ ಹೊತ್ತು ಕಳೆಯೋದಕ್ಕೆ ಅವರಿಗೆ ದೇವರುಗಳಿದ್ದವು.

ಆ ಊರಲ್ಲಿ ಮೂವರು ಅಣ್ಣತಮ್ಮಂದಿರು. ದೊಡ್ಡವನು ಜಟ್ಟಿ, ಅವನಿಗೆ ಭಕ್ತಿ ಜಾಸ್ತಿ. ನಡುವಿನವನು ಬೀರ, ಅವನಿಗೆ ಸಿಟ್ಟು ಜಾಸ್ತಿ. ಕಿರಿಯವನು ಗೋಯ್ದ, ಅವನಿಗೆ ಮಾತು ಜಾಸ್ತಿ, ಉಪ್ಪಿನವರ ಊರಿಗೇ ಹೋಗಿ ಉಪ್ಪು ಮಾರಿ ಬರೋವನು. ಇವರಿಗೆ ಒಬ್ಬಳು ತಂಗಿ, ಸೋಮಿ ಅಂತ. ಅವಳಿಗೆ ಯಾಕೆ ಅನ್ನೋದು ಜಾಸ್ತಿ. ಏಡಿ ಅಡ್ಡಡ್ಡ ನಡೆಯೋದು ಯಾಕೆ, ದೇವರಿಗೆ ಇಟ್ಟ ಬಾಳೆಹಣ್ಣನ್ನ ಭಟ್ಟರೇ ತಿನ್ನೋದು ಯಾಕೆ, ಹೀಗೆ. ಗಂಡನ ಮನೆಯವರು ಉತ್ತರ ಹೇಳಿ ಹೇಳಿ ಸುಸ್ತಾಗಿ, ಚೊಚ್ಚಲ ಹೆರಿಗೆಗೆ ಅಂತ ತವರಿಗೆ ಕಳಿಸಿ ಉಸಿರು ಬಿಟ್ಟಿದ್ದರಂತೆ. ಹೆಣ್ಣು ಕೂಸು ಹುಟ್ಟಿತ್ತು. ಇನ್ನೂ ಹೆಸರಿಟ್ಟಿರಲಿಲ್ಲ.

ಆಮೇಲೆ ಒಂದು ಅಮಾವಾಸ್ಯೆಯ ದೊಡ್ಡ ಉಬ್ಬರ ಬಂತಂತೆ. ನೀರು ತೂಬಿನ ಬಾಗಿಲನ್ನೇ ಕಿತ್ತುಕೊಂಡು ಒಳಗೆ ನುಗ್ಗಿ, ಎಲ್ಲಕ್ಕಿಂತ ದೊಡ್ಡ ಗದ್ದೆಯಲ್ಲಿ ಏನನ್ನೋ ಬಿಟ್ಟು ಇಳಿದು ಹೋಯಿತಂತೆ. ಬೆಳಿಗ್ಗೆ ಜನ ಹೋಗಿ ನೋಡಿದರೆ ಗುಡ್ಡದಂಥದ್ದು ಬಿದ್ದಿದೆ. ಒದ್ದೆ. ಬಣ್ಣ ಯಾವುದು ಅಂತ ಒಬ್ಬರು ಹೇಳಿದ ಹಾಗೆ ಇನ್ನೊಬ್ಬರು ಹೇಳಲಿಲ್ಲ. ಮುಖ ಇರಬೇಕಾದ ಜಾಗದಲ್ಲಿ ಕೈಗಳು, ಕೈ ಇರಬೇಕಾದ ಜಾಗದಲ್ಲಿ ರೆಕ್ಕೆಯಂಥ ಮಡಿಕೆಗಳು, ಮೈಯೆಲ್ಲ ಮುಚ್ಚಿದ ಕಣ್ಣುಗಳು. ಏನು, ಕೈ ಎಷ್ಟು ಅಂತೀಯಾ. ಎಣಿಸಿದವರಿಗೆಲ್ಲ ಬೇರೆ ಬೇರೆ ಲೆಕ್ಕ ಬಂತಂತೆ, ಅದೇ ತೊಂದರೆ. ಹಾಗೆ ಬಿದ್ದುಕೊಂಡು, ನಿದ್ದೆ ಹೊಡೀತಾ ಇತ್ತು.

ಆ ರಾತ್ರಿ ಊರಿಗೆಲ್ಲ ಒಂದೇ ಕನಸು ಬಿತ್ತಂತೆ. ನಕ್ಷತ್ರಗಳ ಆಚೆ ಒಂದು ಕತ್ತಲೆ ಊರು, ಅಲ್ಲಿನ ಗೋಡೆಗಳು ಒಳಗೆ ನಿಂತರೆ ಹೊರಗೆ, ಹೊರಗೆ ನಿಂತರೆ ಒಳಗೆ. ಅಲ್ಲಿಂದ ಏನೋ ಜಾರಿ, ಭೂಮಿ ಇನ್ನೂ ಬಿಸಿಯಾಗಿದ್ದಾಗ ಕಡಲಿಗೆ ಬಿದ್ದು, ತಳ ಸೇರಿ, ಮಲಗಿಬಿಟ್ಟಿತು. ಇಷ್ಟು. ಯಾರೂ ಕೇಳಿರಲಿಲ್ಲ, ಅದೇ ಹೇಳಿಕೊಂಡಿತಂತೆ.

ಬೆಳಿಗ್ಗೆ ಜಟ್ಟಿ ಸ್ನಾನ ಮಾಡಿ ಬಂದು, ಇದು ದೇವರು ಅಂದನಂತೆ. ಆಗರಬೈಲಿನವರಿಗೆ ಅದರಲ್ಲಿ ಅನುಮಾನ ಬರುವ ಕಾರಣ ಇರಲಿಲ್ಲ. ಎರಡಕ್ಕಿಂತ ಹೆಚ್ಚು ಕೈ ಇದೆ, ಕನಸಲ್ಲಿ ಬರತ್ತೆ, ನೋಡಿದರೆ ಹೆದರಿಕೆ ಆಗತ್ತೆ, ಇನ್ನೇನು ಬೇಕು. ಆಮೇಲೆ ಚಪ್ಪರ ಹಾಕಿದರು, ತೋರಣ ಕಟ್ಟಿದರು, ಕುಂಕುಮ ಹಚ್ಚೋದು ಎಲ್ಲಿಗೆ ಅಂತ ಗೊತ್ತಾಗದೆ ಕಂಡಲ್ಲೆಲ್ಲ ಹಚ್ಚಿದರು. ಆಮೇಲೆ ಜಟ್ಟಿ ಹೇಳಿದನಂತೆ, ದೇವರು ಅಂದ ಮೇಲೆ ಪದ್ಧತಿ ಅಂತ ಒಂದಿದೆ, ಬೆಳಗಿನ ಜಾವ ಏಳಿಸಬೇಕು, ಮೀಯಿಸಬೇಕು, ಉಣ್ಣಿಸಬೇಕು, ರಾತ್ರಿ ಮಲಗಿಸಬೇಕು. ಮಲಗಿಸೋ ಕೆಲಸ ಹೇಗೂ ಆಗಿದೆ, ಏಳಿಸೋದರಿಂದ ಶುರು ಮಾಡೋಣ.

ಸೋಮಿ ಕೂಸನ್ನ ಎದೆಗೆ ಅವಚಿಕೊಂಡು ಅಲ್ಲೇ ನಿಂತಿದ್ದಳಂತೆ. ಅಲ್ಲ ಜಟ್ಟಣ್ಣ, ಅದು ಪಾಪ ಮಲಗಿದೆ, ಯಾಕೆ ಏಳಿಸೋದು ಅಂದಳು.

ಏಳಿಸದೆ ಇದ್ದರೆ ಅದು ನಮ್ಮನ್ನ ನೋಡೋದು ಹೇಗೆ ಮಾರಾಯ್ತಿ ಅಂದ ಜಟ್ಟಿ.

ನೋಡದೆ ಇದ್ದರೆ ನಮಗೇನು ನಷ್ಟ ಅಂದಳು ಸೋಮಿ.

ನಿನ್ನ ಗಂಡ ಬರೋದು ಯಾವಾಗ ಅಂದನಂತೆ ಜಟ್ಟಿ.

ಆಮೇಲೆ ಶುರುವಾಯಿತಂತೆ. ದಿನಾ ಬೆಳಗಿನ ಜಾವ ನಗಾರಿ, ಜಾಗಟೆ, ಶಂಖ. ಶಂಖ ಜಟ್ಟಿಯದು, ಕೆನ್ನೆ ಉಬ್ಬಿಸಿ ಊದಿದರೆ ಆಚೆ ದಡದ ಕೊಕ್ಕರೆಗಳು ಹಾರಬೇಕು. ದೇವರು ಅಲ್ಲಾಡಲಿಲ್ಲ. ನಗಾರಿ ಎರಡಾಯಿತು, ಮೂರಾಯಿತು, ಪಕ್ಕದ ಊರಿಂದ ಬಾಡಿಗೆ ತಂದದ್ದೂ ಸೇರಿತು. ಕಡೆಗೆ ಒಂದು ಬೆಳಗ್ಗೆ, ಶಂಖದ ದನಿಗೆ ಅದರ ಮೈ ಒಮ್ಮೆ ನಡುಗಿ, ಒಂದು ಕಣ್ಣು ತೆರೀತಂತೆ. ಊರೆಲ್ಲ ಗೋವಿಂದಾ ಅಂತ ಅಡ್ಡಬಿತ್ತು. ಕಣ್ಣು ಅವರ ಮೇಲೆ ಹರಿದು, ಅವರನ್ನ ದಾಟಿ, ಹಿಂದಿದ್ದ ಉಪ್ಪಿನ ಗುಡ್ಡೆಯನ್ನೂ ದಾಟಿ, ಎಲ್ಲೋ ನೋಡ್ತಾ ನಿಂತಿತಂತೆ.

ಆವತ್ತಿಂದ ಆಗರಬೈಲಲ್ಲಿ ಯಾರಿಗೂ ನಿದ್ದೆ ಇಲ್ಲ.

ಮೊದಲು ಖುಷಿಯೇ ಆಯಿತು. ದೇವರು ಕಣ್ಣು ತೆರೆದ ಊರಲ್ಲಿ ಮಲಗೋದು ಏನು ಚೆಂದ ಅಂದುಕೊಂಡರು. ಕೆಲಸ ಸಾಗಿತು, ಉಪ್ಪು ಎರಡು ಪಟ್ಟು ಗುಡ್ಡೆ ಬಿತ್ತು. ಆಮೇಲೆ ಜಗಳ ಶುರುವಾಯಿತು. ಗಂಡ ಹೆಂಡತಿ ಬಿಡುವಿಲ್ಲದೆ ಮಾತಾಡಿದರೆ ಏನಾಗಬೇಕೋ ಅದೇ ಆಯಿತು. ಕೋಳಿಗಳು ಕೂಗೋ ಹೊತ್ತು ಮರೆತವು. ನಾಯಿಗಳು ಗೋಡೆಗೆ ಮುಖ ಮಾಡಿ ಕೂತವು. ದೇವರ ಕಣ್ಣು ಮಾತ್ರ ದಿನ ಹೋದ ಹಾಗೆ ಒಂದೊಂದೇ ತೆರೀತಾ, ಕೆಂಪಾಗ್ತಾ ಬಂತು, ಕಣ್ಣು ತೆರೆದ ಹಾಗೆಲ್ಲ ಕಡಲಿನ ನೀರು ದಂಡೆಯ ಮೇಲೆ ಒಂದಷ್ಟು ಏರ್ತಾ ಬಂತು. ಎಲ್ಲ ಕಣ್ಣು ತೆರೆದರೆ ಅದು ಏಳತ್ತೆ, ಅದು ಎದ್ದರೆ ಕಡಲೂ ಅದರ ಜೊತೆ ಏಳತ್ತೆ ಅಂತ ಎಲ್ಲರಿಗೂ ಗೊತ್ತಾಯಿತು.

ಸೋಮಿಗೆ ಕಡಲಿನ ಯೋಚನೆ ಇರಲಿಲ್ಲ, ಕೂಸಿನದಿತ್ತು. ಊರಿನ ಕೂಸುಗಳನ್ನೆಲ್ಲ ಮೀಯಿಸುವ ಪಾರಜ್ಜಿ ದಿನಾ ಬಂದು ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಧೂಪದ ಹೊಗೆ ತೋರಿಸಿ ಹೋಗ್ತಿದ್ದಳು. ಮುಂಚೆಯಾದರೆ ಆಮೇಲೆ ಮಧ್ಯಾಹ್ನದವರೆಗೆ ತೊಟ್ಟಿಲಿಂದ ಸದ್ದಿಲ್ಲ. ಈಗ ಎರೆದರೂ ನಿದ್ದೆ ಇಲ್ಲ. ಅಳೋದಾದರೂ ಅಳಬೇಕಲ್ಲ, ಅದೂ ನಿಂತಿತು. ಹಾಲು ಬಿಟ್ಟಿತು. ತೊಟ್ಟಿಲಲ್ಲಿ ಬಿದ್ದುಕೊಂಡು, ಗದ್ದೆಯಲ್ಲಿ ಅದು ನೋಡೋ ಹಾಗೇ, ಎಲ್ಲವನ್ನೂ ದಾಟಿ ಎಲ್ಲೋ ನೋಡೋದು. ಕೈ ಕಡ್ಡಿಯಾಯಿತು. ಪಾರಜ್ಜಿ ಒಂದು ದಿನ ಕೂಸನ್ನ ಕಾಲಮೇಲೆ ಹಾಕಿಕೊಂಡು ನೋಡಿ, ಹೀಗೇ ಆದರೆ ಈ ವಾರ ದಾಟೋದು ಕಷ್ಟ ಕಣೆ ಅಂದುಬಿಟ್ಟಳಂತೆ. ಪಾರಜ್ಜಿಗೆ ಸುತ್ತಿ ಬಳಸಿ ಹೇಳೋ ಅಭ್ಯಾಸ ಇರಲಿಲ್ಲ.

ಆಮೇಲೆ ಸೋಮಿ ಮೂವರು ಅಣ್ಣಂದಿರನ್ನೂ ಕೂರಿಸಿ, ಎಬ್ಬಿಸಿದವರು ನೀವು, ಏನಾದರೂ ಮಾಡಿ ಅಂದಳಂತೆ.

ಮೊದಲು ಜಟ್ಟಿ ಹೋದ. ಅವನು ಪದ್ಧತಿ ಪ್ರಕಾರ ಪ್ರಸಾದ ಕೇಳಿದನಂತೆ. ಅಂದರೆ ದೇವರ ಮೈಗೆ ಒದ್ದೆ ಹೂವಿನ ಎಸಳು ಅಂಟಿಸಿ ಕೈಮುಗಿದು ಕೂರೋದು, ಬಲಗಡೆ ಎಸಳು ಬಿದ್ದರೆ ದೇವರು ಹೂಂ ಅಂದ ಹಾಗೆ, ಎಡಗಡೆ ಬಿದ್ದರೆ ಊಹೂಂ. ಸ್ವಾಮಿ, ಕಣ್ಣು ಮುಚ್ಚಿ ವಾಪಸ್ ಹೋಗ್ತೀಯಾ ಅಂತ ಕೇಳಿ ಕೂತ. ಎಸಳು ಬೀಳಲಿಲ್ಲ. ಬಹಳ ಹೊತ್ತಾದ ಮೇಲೆ ಬಿತ್ತು, ಮೇಲಕ್ಕೆ. ಎಲ್ಲ ಎಸಳೂ ಮೇಲಕ್ಕೆ ಬಿದ್ದು ಕಾಣದೆ ಹೋದವಂತೆ. ಜಟ್ಟಿ ಮನೆಗೆ ಬಂದು, ಅದಕ್ಕೆ ಬಲವೂ ಇಲ್ಲ ಎಡವೂ ಇಲ್ಲ ಕಣೆ, ನಾನು ಏನಂತ ಕೇಳಲಿ ಅಂತ ತಲೆ ಮೇಲೆ ಕೈಹೊತ್ತು ಕೂತ.

ಆಮೇಲೆ ಬೀರ. ಅವನು ನಾಳೆ ಬೆಳಿಗ್ಗೆ ಹೋಗಿ ಉಪ್ಪಿನ ಹಲಗೆಯಲ್ಲಿ ನಾಲ್ಕು ಬಿಗೀತೀನಿ ಅಂತ ಹೇಳಿ ಸಂಜೆ ಗಂಜಿ ಕುಡೀತಾ ಕೂತಿದ್ದನಂತೆ. ಆಗ ಬಾಗಿಲಲ್ಲಿ ಇನ್ನೊಬ್ಬ ಬೀರ ಬಂದ. ಅಂಗಿ ಹರಿದಿದೆ, ಕುಂಟ್ತಾ ಇದಾನೆ, ಕೈಯಲ್ಲಿ ಮುರಿದ ಹಲಗೆ. ನಾಳೆ ಹೋಗಿದ್ದೆ, ಈಗ ಬಂದೆ, ದಯವಿಟ್ಟು ಹೋಗಬೇಡ ಮಾರಾಯ ಅಂದ. ಗಂಜಿ ಕುಡೀತಿದ್ದ ಬೀರ, ನಿನ್ನ ಹಾಗೆ ಹೇಡಿ ಅಲ್ಲ ನಾನು ಅಂದನಂತೆ. ಇಬ್ಬರೂ ಬೆಳತನಕ ಕಿತ್ತಾಡಿದರು. ಬೆಳಿಗ್ಗೆ ಗಟ್ಟಿಮುಟ್ಟಾದ ಬೀರ ಹಲಗೆ ತಗೊಂಡು ಹೋದ, ಹೋದವನು ವಾಪಸ್ ಬಂದದ್ದು ಹಿಂದಿನ ಸಂಜೆಗೇ. ಕುಂಟ ಬೀರ ಒಲೆ ಮುಂದೆ ಕೂತು, ಹೇಳಿದರೆ ಕೇಳಲ್ಲ ಅವನು, ನಂಗೊತ್ತು ಅಂದನಂತೆ.

ಆಮೇಲೆ ಗೋಯ್ದ. ಅವನು ಎಲೆಅಡಿಕೆ ಹಾಕಿಕೊಂಡು ನಗ್ತಾ ಹೋದ. ಈ ಊರು ನಿನಗೆ ಲಾಯಕ್ಕಲ್ಲ ಸ್ವಾಮಿ, ಕಲಿತವರಿಲ್ಲ, ಒಳ್ಳೆ ಊಟ ಇಲ್ಲ, ನೀರೂ ಉಪ್ಪು ಅಂತ ಹೇಳಿ ಕಳಿಸ್ತೀನಿ ಅಂದಿದ್ದ. ವಾಪಸ್ ಬಂದವನ ಬಾಯಲ್ಲಿ ಎಲೆಅಡಿಕೆ ಹಾಗೇ ಇತ್ತಂತೆ, ಜಗಿದಿರಲಿಲ್ಲ. ಏನಾಯಿತೋ ಅಂದರೆ ಮಾತಿಲ್ಲ. ಸೋಮಿ ಬಿಡಲಿಲ್ಲ, ಎದುರಿಗೆ ಕೂತು ಕೇಳಿದಳು, ಸಿಟ್ಟು ಮಾಡಿತಾ, ನಕ್ಕಿತಾ, ಏನಂದಿತು. ಕಡೆಗೆ ಗೋಯ್ದ ಗೋಡೆ ಕಡೆ ತಿರುಗಿ ಹೇಳಿದನಂತೆ, ಏನೂ ಅನ್ನಲಿಲ್ಲ, ಅದಕ್ಕೆ ನಾವು ಇರೋದೇ ಗೊತ್ತಿಲ್ಲ ತಂಗಿ. ಅಷ್ಟು ಹೇಳಿ ಸುಮ್ಮನಾದ. ಮಾತಿನವನಿಗೆ ಅದಕ್ಕಿಂತ ದೊಡ್ಡ ಪೆಟ್ಟಿಲ್ಲ.

ಆಮೇಲೆ ಸೋಮಿ ಕೂಸಿನ ಮುಖ ನೋಡ್ತಾ ಕೂತಳಂತೆ. ನೋಡ್ತಾ ನೋಡ್ತಾ ಅವಳಿಗೆ ಒಂದು ಯೋಚನೆ ಬಂತು. ನಾವು ಇರೋದೇ ಗೊತ್ತಿಲ್ಲ ಅಂದರೆ, ನಮ್ಮ ಮೇಲೆ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ, ಅಲ್ವಾ. ಹಾಗಾದರೆ ಅದರ ಕಣ್ಣು ಅಷ್ಟು ಕೆಂಪಗಿರೋದು ಯಾಕೆ.

ಕೂಸನ್ನ ಬಿಟ್ಟು ಹೋಗೋದಕ್ಕೆ ಮನೆಯಲ್ಲಿ ತಲೆ ನೆಟ್ಟಗಿದ್ದವರು ಯಾರೂ ಇರಲಿಲ್ಲ, ಅದಕ್ಕೆ ಎತ್ತಿಕೊಂಡೇ ಹೋದಳಂತೆ. ಗದ್ದೆಯ ಬದುವಿನ ಮೇಲೆ ಕೂತು ನೋಡಿದಳು. ಹೆದರಿಕೆ ಆಗಲಿಲ್ಲವಾ ಅಂತೀಯಾ. ಆಯಿತು. ಆದರೆ ನೋಡಬೇಕು ಅನ್ನೋದು ಅದಕ್ಕಿಂತ ಜಾಸ್ತಿ ಇತ್ತು, ಏನು ಮಾಡ್ತೀಯಾ. ಎಲ್ಲರೂ ಅದರ ಮುಂದೆ ನಿಂತು ಏನಾದರೂ ಕೇಳಿದವರೇ, ಸುಮ್ಮನೆ ಕೂತು ನೋಡಿದವರು ಇರಲಿಲ್ಲ. ಸೋಮಿ ನೋಡಿದಳು. ಅದು ಕೈಗಳನ್ನ ಎತ್ತಿ ಎತ್ತಿ ಗಾಳಿಗೆ ಬಡೀತಿತ್ತು. ಒಂದೊಂದು ಸಲ ಕೈ ತಂದು ಕಣ್ಣಿಗೆ ಉಜ್ಜಿಕೊಳ್ಳೋದು. ಒಂದು ಕಣ್ಣು ಮುಚ್ಚೋದಕ್ಕೆ ಹೋಗೋದು, ಬೆಚ್ಚಿ ಬಿದ್ದ ಹಾಗೆ ಮತ್ತೆ ತೆರೆಯೋದು. ಗಂಟಲಲ್ಲೋ ಎಲ್ಲೋ ಒಂದು ರಾಗ, ಊಂ ಊಂ ಅಂತ, ನಿಲ್ಲೋದಿಲ್ಲ.

ಸೋಮಿ ಎದ್ದು ಸೀದಾ ಪಾರಜ್ಜಿ ಮನೆಗೆ ಹೋದಳಂತೆ. ಅಜ್ಜಿ, ಅದಕ್ಕೆ ಸಿಟ್ಟಲ್ಲ, ಅರೆನಿದ್ದೆಯಲ್ಲಿ ಎಬ್ಬಿಸಿದಾರೆ, ಮತ್ತೆ ನಿದ್ದೆ ಹತ್ತುತ್ತಾ ಇಲ್ಲ, ರಚ್ಚೆ ಹಿಡಿದಿದೆ. ಅದರ ನಿದ್ದೆ ಹೋದದ್ದಕ್ಕೇ ನಮ್ಮ ನಿದ್ದೆ ಹೋಗಿದ್ದು. ಅದಕ್ಕೆ ಎರೆದು ಮಲಗಿಸಿದರೆ ಕೂಸೂ ಮಲಗತ್ತೆ.

ಪಾರಜ್ಜಿ ಅವಳನ್ನ ಮೇಲಿಂದ ಕೆಳಗೆ ನೋಡಿ, ನಿದ್ದೆಗೆಟ್ಟು ನಿನಗೆ ತಲೆ ಕೆಟ್ಟಿದೆ ಅಂದಳು. ಅದು ಲೋಕ ನುಂಗೋಕೆ ಬಂದಿರೋದು, ನಾನು ಅದಕ್ಕೆ ಎಣ್ಣೆ ಹಚ್ಚಬೇಕಾ. ಅದಕ್ಕೆ ನೀನು ಯಾರು ಅಂತಾದರೂ ಗೊತ್ತಾ.

ನನ್ನ ಕೂಸಿಗೂ ನೀನು ಯಾರು ಅಂತ ಗೊತ್ತಿಲ್ಲ, ದಿನಾ ಮೈಮೇಲೆ ಉಚ್ಚೆ ಹೊಯ್ಯತ್ತೆ, ಹಾಗಂತ ಎರೆಯೋದು ಬಿಟ್ಟಿದೀಯಾ ಅಂದಳಂತೆ ಸೋಮಿ.

ಪಾರಜ್ಜಿ ಎದ್ದು ಎಣ್ಣೆಯ ಗಿಂಡಿ ಬಗ್ಗಿಸಿ ನೋಡಿ, ಎಣ್ಣೆ ಎಷ್ಟು ಬೇಕಾಗಬಹುದು ಅಂದಳಂತೆ.

ಆಮೇಲೆ ನೋಡು, ಊರಿಗೆ ಊರೇ ಹೊರಟಿತು. ಎಲ್ಲರ ಬಚ್ಚಲ ಹಂಡೆಗಳೂ ಗದ್ದೆಯ ಬದುವಿಗೆ ಬಂದವು, ಕೆಳಗೆ ಬೆಂಕಿ ಹಾಕಿದರು, ಸಿಹಿನೀರಿನ ಬಾವಿ ಬರಿದಾಯಿತು. ಕೊಬ್ಬರಿ ಎಣ್ಣೆ ಮನೆಮನೆಯಿಂದ ಬಂತು, ಸಾಲಲಿಲ್ಲ. ಜಟ್ಟಿ ದೀಪಕ್ಕೆ ಅಂತ ಕೂಡಿಟ್ಟ ಎಣ್ಣೆ ಇತ್ತು. ಅದು ದೇವರ ಎಣ್ಣೆ ಅಂದ. ಇದು ದೇವರಲ್ವಾ ಅಂದಳು ಸೋಮಿ. ಕೊಟ್ಟ. ಕೊಟ್ಟು ತಾನೂ ಪಂಚೆ ಎತ್ತಿ ಕಟ್ಟಿ ಗದ್ದೆಗಿಳಿದ. ಕುಂಟ ಬೀರ ಹಂಡೆಗೆ ಸೌದೆ ತುಂಬಿದ, ಗೋಯ್ದ ಮಾತಿಲ್ಲದೆ ಕೊಡ ಹೊತ್ತ.

ಪಾರಜ್ಜಿ ಏಣಿ ಹಾಕಿಸಿಕೊಂಡು ಮೇಲೆ ಹತ್ತಿದಳಂತೆ. ನೆತ್ತಿಯಿಂದ ಶುರು ಮಾಡಬೇಕು, ಇದರ ನೆತ್ತಿ ಎಲ್ಲಿ ಅಂತ ಕೈಯಾಡಿಸಿ ಆಡಿಸಿ, ಒಂದು ಕಡೆ ನಿಂತಳು. ಅಲ್ಲಿ ಮೆತ್ತಗಿತ್ತು, ಒಳಗೆ ಏನೋ ಮಿಡೀತಿತ್ತು. ಪಾರಜ್ಜಿ ಬಗ್ಗಿ ನೋಡಿ, ಅಯ್ಯೋ ಇದರ ನೆತ್ತಿಯೇ ಇನ್ನೂ ಕೂಡಿಲ್ಲವಲ್ಲೇ, ಹಸುಗೂಸು ಇದು ಅಂದಳಂತೆ. ಇದರ ಮುಂದಾ ನೀವು ನಗಾರಿ ಹೊಡೆದದ್ದು, ನಾಚಿಕೆ ಆಗಬೇಕು. ಅಂದು ಬೊಗಸೆಯಲ್ಲಿ ಎಣ್ಣೆ ತಗೊಂಡು ತಟ್ಟಿದಳು.

ಆಮೇಲೆ ಹೆಂಗಸರು ಸಾಲು ಹಿಡಿದು ಕೂತು ಕೈಗಳನ್ನ ನೀವಿದರು. ಕೂಸಿಗೆ ಎಡಗೈ ಬಲಗಾಲು ಜೋಡಿಸಿ ಎಳೀತಾರಲ್ಲ, ಇದಕ್ಕೆ ಎಡವೂ ಬಲವೂ ಇಲ್ಲದ್ದರಿಂದ ಸಿಕ್ಕಿದ್ದಕ್ಕೆ ಸಿಕ್ಕಿದ್ದು ಜೋಡಿಸಿ ಎಳೆದರಂತೆ. ಒಬ್ಬಳು ಹಿಡಿದ ಕೈ ಇನ್ನೊಂದು ಗದ್ದೆಯಲ್ಲಿ ಮುಗೀತಿತ್ತು. ಇನ್ನೊಬ್ಬಳು ಬೆಳಿಗ್ಗೆಯಿಂದ ನೀವಿದ ಬೆರಳು ತನ್ನ ಗಂಡನದು ಅಂತ ಆಮೇಲೆ ಗೊತ್ತಾಯಿತಂತೆ, ಅವನೂ ಹೇಳಿರಲಿಲ್ಲ. ಅದು ಮೊದಲು ಕೈ ಕೊಸರಿತು, ಒಂದು ಹಂಡೆ ಚಪ್ಪಟೆಯಾಯಿತು. ಆಮೇಲೆ ಬಿಸಿನೀರು ಬಿತ್ತು, ಊಂ ಊಂ ರಾಗ ಇಳೀತು. ಧೂಪ ಹಾಕಿದರು, ಊರಿನ ಹಳೇ ಸೀರೆಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿ ಕೈ ಅಲ್ಲಾಡದ ಹಾಗೆ ಬಿಗಿಯಾಗಿ ಸುತ್ತಿದರು, ಯಾಕಂದರೆ ಕೈ ಬಿಟ್ಟರೆ ಅದರ ಕೈ ಅದಕ್ಕೇ ಬಡಿದು ಎಚ್ಚರ ಆಗತ್ತೆ. ಆಮೇಲೆ ತೂಬಿಗೆ ಹೊಸದಾಗಿ ಕೂರಿಸಿದ್ದ ಬಾಗಿಲು ಎತ್ತಿ ಉಬ್ಬರದ ನೀರು ಮೆಲ್ಲಗೆ ಒಳಗೆ ಬಿಟ್ಟರು. ನೀರು ಅದನ್ನ ಎತ್ತಿ ತೂಗಿತು. ಸೋಮಿ ತನ್ನ ಕೂಸನ್ನ ಎತ್ತಿಕೊಂಡು ನಿಂತು ಹಾಡಿದಳು. ಅವಳ ದನಿ ಅಷ್ಟೇನೂ ಚೆನ್ನಾಗಿರಲಿಲ್ಲವಂತೆ, ಜೋಗುಳಕ್ಕೆ ಅದು ಬೇಕಾಗೂ ಇಲ್ಲ.

ಕಣ್ಣು ಒಂದೊಂದೇ ಮುಚ್ಚಿಕೊಂಡವು. ಮುಚ್ಚಿ ಮುಚ್ಚಿ, ಕಡೆಗೆ ಒಂದು ಉಳಿಯಿತು. ಅದು ಅರ್ಧ ಮುಚ್ಚಿತು, ಮುಕ್ಕಾಲು ಮುಚ್ಚಿತು. ಊರೆಲ್ಲ ಉಸಿರು ಹಿಡಿದು ನಿಂತಿದೆ. ಆಗ ಸೋಮಿ ತಿರುಗಿ ನೋಡಿದರೆ ಜಟ್ಟಿ ಸೊಂಟದಿಂದ ಶಂಖ ತೆಗೀತಾ ಇದಾನೆ. ಕೆಟ್ಟ ಮನಸ್ಸಿಲ್ಲ ಪಾಪ. ದೇವರನ್ನ ಮಲಗಿಸಿದ ಮೇಲೆ ಶಂಖ ಊದಿ ಬಾಗಿಲು ಹಾಕೋದು ಪದ್ಧತಿ, ಕೈ ತಾನಾಗಿ ಹೋಗಿದೆ. ಕಣ್ಣಲ್ಲಿ ನೀರು, ಕೆನ್ನೆ ಆಗಲೇ ಉಬ್ಬಿದೆ. ಕೂಗಿದರೆ ಅದು ಏಳತ್ತೆ, ಓಡಿದರೆ ನೀರಿನ ಸದ್ದಾಗತ್ತೆ. ಅವನು ಪಕ್ಕದಲ್ಲೇ ಇದ್ದದ್ದು ಪುಣ್ಯ. ಸೋಮಿ ಏನೂ ಹೇಳದೆ ತನ್ನ ಕೂಸನ್ನ ತೆಗೆದು ಅವನ ಎರಡು ಕೈಗೂ ತುಂಬಿಬಿಟ್ಟಳಂತೆ. ಕೊಟ್ಟ ಕೂಸನ್ನ ಹಿಡಿಯದೆ ಇರೋದಕ್ಕೆ ಆಗತ್ತಾ. ಅವನು ಹಿಡಿದ, ಶಂಖ ಕೆಸರಿಗೆ ಬಿತ್ತು, ಪಚಕ್ ಅಂತ ಅಷ್ಟೇ. ಕೆನ್ನೆಯಲ್ಲಿದ್ದ ಗಾಳಿ ಕೂಸಿನ ಮುಖದ ಮೇಲೆ ಮೆಲ್ಲಗೆ ಹೋಯಿತು. ಕೂಸು ಅವನನ್ನ ನೋಡಿತು. ದಾಟಿ ಅಲ್ಲ, ಅವನನ್ನೇ. ನೋಡಿ, ಬಾಯಿ ಅಗಲ ತೆಗೆದು ಒಂದು ಆಕಳಿಕೆ ತೆಗೀತಂತೆ.

ಗದ್ದೆಯಲ್ಲಿ ಕಡೆಯ ಕಣ್ಣು ಮುಚ್ಚಿತ್ತು.

ಕೂಸಿಂದ ಜಟ್ಟಿಗೆ ಬಂತು ಆಕಳಿಕೆ, ಜಟ್ಟಿಯಿಂದ ಪಾರಜ್ಜಿಗೆ, ಅವಳಿಂದ ಸಾಲು ಸಾಲಾಗಿ ಎಲ್ಲರಿಗೂ. ನಿಂತವರು ಕೂತರು, ಕೂತವರು ಬದುವಿನ ಮೇಲೆ ಹಾಗೇ ಉರುಳಿದರು. ಹಂಡೆಗೆ ಒರಗಿ ಬೀರ, ಕೊಡಕ್ಕೆ ಒರಗಿ ಗೋಯ್ದ, ಕೂಸನ್ನ ಎದೆ ಮೇಲೆ ಹಾಕಿಕೊಂಡು ಜಟ್ಟಿ. ನಡು ಮಧ್ಯಾಹ್ನ, ಊರಿಗೆ ಊರೇ ಗೊರಕೆ.

ಸೋಮಿ ಒಬ್ಬಳು ಕಣ್ಣು ಹಿಗ್ಗಿಸಿಕೊಂಡು ಕೂತಿದ್ದಳಂತೆ, ಹೋಗೋದನ್ನ ನೋಡಬೇಕು ಅಂತ. ಇಳಿತ ಶುರುವಾಯಿತು. ಸೀರೆ ಸುತ್ತಿಕೊಂಡ ಆ ಗುಡ್ಡ ತೂಬು ದಾಟಿ, ತೀರ ದಾಟಿ, ಮೆಲ್ಲಗೆ ತೇಲಿ ಹೋಗಿ ಮುಳುಗಿತು. ಹಿಂದೆ ತಿರುಗಿ ನೋಡಲಿಲ್ಲ, ಹರಸಲಿಲ್ಲ, ವರ ಕೊಡಲಿಲ್ಲ. ಅದಕ್ಕೆ ಇವರು ಇರೋದು ಆಗಲೂ ಗೊತ್ತಿರಲಿಲ್ಲ. ಸೋಮಿಗೆ ಅದರಿಂದ ಬೇಜಾರೇನೂ ಆಗಲಿಲ್ಲವಂತೆ. ಕೂಸಿನ ಉಸಿರು ಅಲ್ಲಿಂದಲೇ ಕೇಳಿಸ್ತಿತ್ತು, ಅವಳು ಹೊರಟದ್ದು ಅಷ್ಟಕ್ಕೇ. ಆಮೇಲೆ ಅವಳೂ ಮಲಗಿದಳು.

ಆಮೇಲೆ ಎಲ್ಲ ಸರಿಹೋಯಿತು. ಕೂಸು ಹಾಲು ಕುಡಿದು ಗುಂಡಗಾಯಿತು, ಹೆಸರಿಟ್ಟರು, ಸೋಮಿಯ ಗಂಡ ಬಂದು ಕರಕೊಂಡು ಹೋದ, ಹೋಗುವ ಮುಂಚೆ ಮೂರು ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. ಗೋಯ್ದನಿಗೆ ಮಾತು ವಾಪಸ್ ಬಂತು, ಅದು ಸ್ವಲ್ಪ ತಡವಾಗಿ ಬಂದಿದ್ದರೂ ನಡೀತಿತ್ತು ಅಂತ ಊರಿನವರು ಅಂದುಕೊಂಡರು. ಬೀರ ಸಿಟ್ಟು ಬಂದಾಗಲೆಲ್ಲ ಮೊದಲು ಬಾಗಿಲ ಕಡೆ ನೋಡೋವನು, ತಾನು ಬರ್ತಾ ಇದೀನಾ ಅಂತ. ಜಟ್ಟಿ ದೇವರನ್ನ ಬಿಡಲಿಲ್ಲ, ಅದು ಬಿಡೋ ಜಾತಿ ಅಲ್ಲ. ಆದರೆ ಬೆಳಿಗ್ಗೆ ಹೋಗಿ ಗುಡಿಯ ಬಾಗಿಲಿಗೆ ಕಿವಿ ಇಟ್ಟು ಕೇಳೋವನಂತೆ, ಒಳಗೆ ಎದ್ದ ಸದ್ದಿದ್ದರೆ ಮಾತ್ರ ತೆಗೆಯೋದು.

ಏನು. ನೆತ್ತಿ ಕೂಡದ ಕೂಸು ಅಂದ ಮೇಲೆ ಅದಕ್ಕೊಬ್ಬಳು ಅಮ್ಮ ಇರಬೇಕಲ್ಲ, ಅವಳೆಲ್ಲಿ ಅಂತೀಯಾ.

ಸೋಮಿಗೂ ದಾರಿಯಲ್ಲಿ ಅದೇ ಹೊಳೀತಂತೆ ಮಗಾ. ಎತ್ತಿನ ಗಾಡಿಯಲ್ಲಿ ಕೂತವಳು ಒಂದು ಸಲ ತಲೆಯೆತ್ತಿ ಆಕಾಶ ನೋಡಿದಳು, ನೋಡಿ, ಜನ್ಮದಲ್ಲಿ ಒಂದೇ ಒಂದು ಸಲ, ಕೇಳೋದು ಬೇಡ ಅಂತ ಸುಮ್ಮನಾದಳಂತೆ. ನೀನೂ ಸುಮ್ಮನಾಗು. ಕತೆ ಇಲ್ಲಿಗೆ ಮುಗೀತು, ಕೈ ಒಳಗಿಟ್ಟುಕೊಂಡು ಹೊದ್ದು ಮಲಗು.